ಕ್ಲೆಮ್ ವಿಮಾನದ ರೆಕ್ಕೆಗೆ ಅಂಟು ಹಾಕಿದ ಚಳಿಗಾಲ

ರೆಕ್ಕೆಯ ಮುಂದಿನ ಅಂಚಿನ ಪ್ಲೈವುಡ್ ಬಿಚ್ಚಿದ ದಿನ ಒಳಗಿನಿಂದ ಬಂದ ವಾಸನೆಯನ್ನು ನಾನು ಮರೆತಿಲ್ಲ. ತೊಳೆಯದೆ ಮೂಲೆಯಲ್ಲಿಟ್ಟ ಮೊಸರಿನ ಗಡಿಗೆಯ ಮುಚ್ಚಳ ತೆಗೆದಂತಿತ್ತು. ಮೊಸರು ಎಂದದ್ದು ಬರೀ ಹೋಲಿಕೆಯಲ್ಲ, ಅದು ಹಾಲಿನದೇ ವಾಸನೆ. 1920ರ ದಶಕದಲ್ಲಿ ವಿಮಾನದ ಮರವನ್ನು ಜೋಡಿಸುತ್ತಿದ್ದದ್ದು ಕೇಸೀನ್ ಅಂಟಿನಿಂದ. ಹಾಲು ಒಡೆಸಿ ತೆಗೆದ ಕೇಸೀನಿಗೆ ಸುಣ್ಣ ಬೆರೆಸಿ ಅದನ್ನು ತಯಾರಿಸುತ್ತಿದ್ದರು. ಒಣಗಿದ್ದಷ್ಟು ಕಾಲ ಗಟ್ಟಿ. ತೇವ ತಾಗಿದರೆ ಬೂಷ್ಟು ಹಿಡಿದು ಪುಡಿಯಾಗುತ್ತದೆ. ನಾವು ಬಿಚ್ಚಿದ್ದ ರೆಕ್ಕೆಯಲ್ಲಿ ಸುಮಾರು ಒಂದು ಮೀಟರ್ ಉದ್ದಕ್ಕೆ ಅಂಟು ಬೆರಳಿನ ಉಗುರಿಗೇ ಉದುರುತ್ತಿತ್ತು.

ನಾನು ಸಾಗರದ ಕಡೆಯವನು, ಮನೆಯಲ್ಲಿ ಮರಗೆಲಸ ನೋಡುತ್ತ ಬೆಳೆದವನು. ಹೊಟ್ಟೆಪಾಡಿಗೆ ಜರ್ಮನಿಯ ಶ್ಟುಟ್‌ಗಾರ್ಟ್ ಬಳಿ ಎಂಜಿನಿಯರ್ ಆಗಿದ್ದೇನೆ. ಶನಿವಾರಗಳಲ್ಲಿ ಒಂದು ಸಣ್ಣ ವಿಮಾನ ನಿಲ್ದಾಣದ ಶೆಡ್ಡಿನಲ್ಲಿ ಹಳೆಯ ಕ್ಲೆಮ್ ಎಲ್ 25ರ ದುರಸ್ತಿಗೆ ಕೈ ಜೋಡಿಸುತ್ತೇನೆ. ಈ ವಿಮಾನ ಹುಟ್ಟಿದ ಬೋಬ್ಲಿಂಗೆನ್ ನಮ್ಮಿಂದ ದೂರವಿಲ್ಲ.

ಹನ್ಸ್ ಕ್ಲೆಮ್ ಮೊದಲು ಜಿಂಡೆಲ್‌ಫಿಂಗೆನ್‌ನಲ್ಲಿ ಡೈಮ್ಲರ್ ಕಂಪನಿಯ ವಿಮಾನ ವಿನ್ಯಾಸದ ಮುಖ್ಯಸ್ಥರಾಗಿದ್ದರು. ಮೊದಲ ಮಹಾಯುದ್ಧದ ನಂತರ ಜರ್ಮನಿಯ ವಿಮಾನ ನಿರ್ಮಾಣಕ್ಕೆ ಕಟ್ಟುಪಾಡುಗಳಿದ್ದವು, ದೊಡ್ಡ ಎಂಜಿನ್ನಿನ ಮಾತೇ ಇರಲಿಲ್ಲ. ಎಂಜಿನ್ನನ್ನು ದೊಡ್ಡದು ಮಾಡಲಾಗದಿದ್ದರೆ ವಿಮಾನವನ್ನೇ ಹಗುರ ಮಾಡೋಣ ಎಂದು ಅವರು ಹೊರಟರು. 1924ರ ಎಲ್ 20ಕ್ಕೆ ಇದ್ದದ್ದು ಎರಡು ಸಿಲಿಂಡರಿನ 20 ಅಶ್ವಶಕ್ತಿಯ ಮರ್ಸಿಡಿಸ್ ಎಂಜಿನ್, ಇಂದಿನ ದೊಡ್ಡ ಮೋಟಾರ್ ಸೈಕಲ್ಲುಗಳಿಗಿಂತ ಕಡಿಮೆ ಶಕ್ತಿ. ಅಂಥದೊಂದು ಎಲ್ 20ನ್ನು ಹಾರಿಸುತ್ತ ಫ್ರೀಡ್ರಿಖ್ ಕಾರ್ಲ್ ಫಾನ್ ಕೋನಿಗ್-ವಾರ್ಟ್‌ಹೌಸನ್ ಎಂಬ ಯುವಕ 1928ರಲ್ಲಿ ಬರ್ಲಿನ್ ಬಿಟ್ಟು ಮಾಸ್ಕೋ, ಇರಾನ್, ಭಾರತ, ಸಯಾಮ್ (ಇಂದಿನ ಥಾಯ್ಲೆಂಡ್) ದಾಟಿ, ಸಾಗರಗಳನ್ನು ಮಾತ್ರ ಹಡಗಿನಲ್ಲಿ ಕಳೆದು, ಮರುವರ್ಷ ಜಗತ್ತನ್ನು ಸುತ್ತಿ ಬಂದರು. ನಮ್ಮ ನೆಲದ ಮೇಲೂ ಅದು ಹಾರಿತ್ತು ಎಂದು ತಿಳಿದ ಮೇಲೆ ಈ ಮರದ ತುಂಡುಗಳ ಮೇಲೆ ನನಗೆ ಹುಟ್ಟಿದ ಮಮತೆ ದೊಡ್ಡದು.

ಕ್ಲೆಮ್ 1926ರಲ್ಲಿ ಬೋಬ್ಲಿಂಗೆನ್‌ನಲ್ಲಿ ಸ್ವಂತ ಕಾರ್ಖಾನೆ ತೆರೆದರು. ಎಲ್ 25 ಹೆಸರು ಮಾಡಿದ್ದು ಅಲ್ಲಿಂದ. 13 ಮೀಟರ್ ಹರವಿನ, 20 ಚದರ ಮೀಟರ್ ವಿಸ್ತೀರ್ಣದ ರೆಕ್ಕೆ. ಅದನ್ನು ಹೊರಗಿನಿಂದ ಎಳೆದು ಹಿಡಿಯುವ ತಂತಿಯಿಲ್ಲ, ಊರುಗೋಲಿಲ್ಲ. ಒಂದರ ಹಿಂದೊಂದು ಎರಡು ತೆರೆದ ಆಸನಗಳು. ಮೊದಮೊದಲು ಅದೇ 20 ಅಶ್ವಶಕ್ತಿಯ ಮರ್ಸಿಡಿಸ್, ಆಮೇಲೆ ಒಂಬತ್ತು ಸಿಲಿಂಡರಿನ 40 ಅಶ್ವಶಕ್ತಿಯ ಸಾಲ್ಮ್‌ಸನ್, ಮುಂದೆ ಸೀಮೆನ್ಸ್, ಆರ್ಗಸ್, ಹಿರ್ಟ್ ಎಂಜಿನ್ನುಗಳು. ಹೀಗೆ ಮೂತಿ ಬದಲಾಗುತ್ತ ಹೋಯಿತೇ ಹೊರತು ರೆಕ್ಕೆಯ ಹಿಂದಿನ ಆಲೋಚನೆ ಬದಲಾಗಲಿಲ್ಲ. 600ಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಬ್ರಿಟನ್ನಿನ ಸ್ವಾಲೋ ವಿಮಾನ ಇದರದೇ ಸಂತಾನ.

ತಂತಿಯಿಲ್ಲದ ರೆಕ್ಕೆ ತಿರುಚಿಕೊಳ್ಳದೆ ನಿಲ್ಲಲು ಅದರ ಮುಂದಿನ ಅಂಚನ್ನು ಸುತ್ತಿದ ತೆಳು ಪ್ಲೈವುಡ್ ಚಿಪ್ಪು ಬಹಳ ಮುಖ್ಯ. ಆ ಚಿಪ್ಪನ್ನು ರೆಕ್ಕೆಯ ಉದ್ದಕ್ಕೆ ಸಾಗುವ ತೊಲೆಗೂ ಅದಕ್ಕೆ ಅಡ್ಡಲಾಗಿ ಕೂತ ಪಕ್ಕೆಗಳಿಗೂ ಹಿಡಿದಿಡುವುದು ಅಂಟು. ಅಂಟು ಸೋತರೆ ಕ್ಲೆಮ್ ಅವರ ಇಡೀ ಲೆಕ್ಕಾಚಾರ ಸೋತಂತೆ. ನಮ್ಮ ರೆಕ್ಕೆಯಲ್ಲಿ ಎರಡು ಕಾಲದ ಅಂಟು ಸಿಕ್ಕಿತು: ಮೂಲದ ಕೇಸೀನ್, ಮತ್ತು ಯಾವುದೋ ಹಳೆಯ ದುರಸ್ತಿಯಲ್ಲಿ ಹಾಕಿದ್ದ ಕೌರಿಟ್. ಕೌರಿಟ್ ಎಂದರೆ 1930ರ ದಶಕದಲ್ಲಿ ಬಂದ ಯೂರಿಯಾ ಆಧಾರಿತ ಕೃತಕ ರಾಳ. ಅದಕ್ಕೆ ಬೂಷ್ಟಿನ ಭಯವಿಲ್ಲ, ಆದರೆ ದಪ್ಪವಾಗಿ ನಿಂತ ಕಡೆ ದಶಕಗಳ ನಂತರ ಗಾಜಿನಂತೆ ಬಿರುಕು ಬಿಡುತ್ತದೆ. ನಾವು ಬಳಸಿದ್ದು ಕಡುಗೆಂಪು ಬಣ್ಣದ ರೆಸಾರ್ಸಿನಾಲ್ ಅಂಟು.

ಕೆಲಸ ಹೀಗೆ ನಡೆಯಿತು. ಒಂದೂವರೆ ಮಿಲಿಮೀಟರಿನ ಬರ್ಚ್ ಪ್ಲೈವುಡ್ಡನ್ನು ಬಿಸಿನೀರಿನಲ್ಲಿ ನೆನೆಸಿ, ಮರದ ಅಚ್ಚಿನ ಮೇಲೆ ಬಗ್ಗಿಸಿ ಬಿಗಿದು, ಪೂರ್ತಿ ಒಣಗುವವರೆಗೆ ಬಿಟ್ಟೆವು. ಹೊಸದು ಹಳೆಯದಕ್ಕೆ ಸೇರುವಲ್ಲಿ ಎರಡರ ಅಂಚನ್ನೂ ಓರೆಯಾಗಿ ಹೆರೆಯಬೇಕು. ಓರೆಯ ಅಗಲ ಪ್ಲೈವುಡ್ಡಿನ ದಪ್ಪಕ್ಕಿಂತ ಹತ್ತು ಪಟ್ಟಾದರೂ ಇರಬೇಕು; ನಾವು 20 ಮಿಲಿಮೀಟರ್ ಇಟ್ಟೆವು. ತೊಲೆಯ ಪೈನ್ ಪಟ್ಟಿಗಾದರೆ ದಪ್ಪದ ಹದಿನೈದು ಪಟ್ಟು.

ಇಲ್ಲಿ ನಾನು ತಪ್ಪು ಮಾಡಿದೆ. ಓರೆಯ ಮುಖ ಕನ್ನಡಿಯಂತೆ ಹೊಳೆಯಬೇಕೆಂದು ನಯವಾದ ಉಪ್ಪುಕಾಗದದಿಂದ ಉಜ್ಜಿದೆ. ಅಂಟು ಹಾಕಿ, ಕ್ಲಾಂಪುಗಳನ್ನು ಕೈಯಲ್ಲಿದ್ದ ಬಲವೆಲ್ಲ ಹಾಕಿ ತಿರುಗಿಸಿದೆ. ಅಂಚಿನುದ್ದಕ್ಕೂ ಅಂಟು ಧಾರೆಯಾಗಿ ಹೊರಬಂದಾಗ ಗಟ್ಟಿಯಾಗಿ ಕೂತಿತೆಂದು ಹಿಗ್ಗಿದೆ. ಪ್ರತಿ ಬಾರಿಯೂ ಅದೇ ಡಬ್ಬಿಯ ಅಂಟಿನಿಂದ, ಅದೇ ರೀತಿಯಲ್ಲಿ ಒಂದು ಮಾದರಿ ತುಂಡನ್ನೂ ಅಂಟಿಸಿ, ಆಮೇಲೆ ಮುರಿದು ನೋಡುವುದು ನಿಯಮ. ಮುರಿದಾಗ ಮರ ಹರಿಯಬೇಕು, ಅಂಟಿನ ಗೆರೆಯಲ್ಲಿ ಬಿಡಬಾರದು. ನನ್ನ ತುಂಡು ಅಂಟಿನ ಗೆರೆಯಲ್ಲೇ, ಪುಸ್ತಕ ತೆರೆದಂತೆ ಬಿಟ್ಟುಕೊಂಡಿತು. ಮುಖದ ಮೇಲೆ ಮರದ ಒಂದು ನಾರೂ ಅಂಟಿರಲಿಲ್ಲ.

ಶೆಡ್ಡಿನ ಹಿರಿಯರು ಬೈಯಲಿಲ್ಲ. ತುಂಡನ್ನು ಬೆಳಕಿಗೆ ಹಿಡಿದು, "ಉಜ್ಜಿದ ಧೂಳು ಮರದ ರಂಧ್ರಗಳನ್ನು ಮುಚ್ಚಿದೆ, ಮಿಕ್ಕ ಅಂಟನ್ನು ನೀವು ಹಿಂಡಿ ಹೊರಗೆ ಹಾಕಿದ್ದೀರಿ" ಎಂದರು. ಅಂಟು ಹಾಕಿದ ರಾತ್ರಿ ಶೆಡ್ಡಿನ ಉಷ್ಣಾಂಶ 12 ಡಿಗ್ರಿಗೆ ಇಳಿದಿದ್ದನ್ನೂ ಗೋಡೆಯ ಮಾಪಕದಲ್ಲಿ ತೋರಿಸಿದರು. ಈ ಅಂಟಿಗೆ 20 ಡಿಗ್ರಿಯ ಬೆಚ್ಚಗಿನ ಜಾಗ ಬೇಕು. ರೆಕ್ಕೆಯ ಮೇಲಿನ ತುಂಡನ್ನು ಕಿತ್ತೆ. ಮೂರು ಶನಿವಾರ ಹೋದವು.

ಎರಡನೆಯ ಸಲ ಉಪ್ಪುಕಾಗದ ಮುಟ್ಟಲಿಲ್ಲ. ಊರಿನಲ್ಲಿ ಅಜ್ಜ ಮಾಡುತ್ತಿದ್ದಂತೆ ಹತ್ತರಿಯ ಅಲಗನ್ನು ಚೆನ್ನಾಗಿ ಮಸೆದು, ಉಸಿರಿಗೆ ಹಾರುವಷ್ಟು ತೆಳುವಾದ ಹೆರೆ ತೆಗೆದೆ. ಹರಿತವಾದ ಅಲಗು ಕೊಯ್ದ ಮುಖದಲ್ಲಿ ಮರದ ನಾರು ತೆರೆದೇ ಇರುತ್ತದೆ, ಅಂಟು ಒಳಗಿಳಿಯುತ್ತದೆ. ಕ್ಲಾಂಪುಗಳ ಬದಲು ತೆಳು ಪಟ್ಟಿ ಇಟ್ಟು ಸಣ್ಣ ಮೊಳೆಗಳನ್ನು ಸಾಲಾಗಿ ಬಡಿದು ಸಮನಾದ ಒತ್ತಡ ಕೊಟ್ಟೆವು; ಮರುದಿನ ಮೊಳೆಗಳನ್ನು ಕಿತ್ತೆವು. ರೆಕ್ಕೆಯ ಸುತ್ತ ಹೊದಿಕೆ ಕಟ್ಟಿ ರಾತ್ರಿಯಿಡೀ ಹೀಟರ್ ಉರಿಸಿದೆವು. ಈ ಬಾರಿಯ ಮಾದರಿ ತುಂಡು ಟಪ್ಪನೆ ಮುರಿದಾಗ ಎರಡೂ ಕಡೆ ಮರದ ಸೀಳುಗಳು ಎದ್ದು ನಿಂತಿದ್ದವು. ನನ್ನ ಕಣ್ಣು ತುಂಬಿಬಂತು.

ಕೊನೆಗೆ ತೂಕ. ಕಿತ್ತ ಹಳೆಯ ಮರವನ್ನೆಲ್ಲ ಒಂದು ಚೀಲದಲ್ಲಿ ಕೂಡಿಟ್ಟಿದ್ದೆವು. ಹೊಸದಾಗಿ ಸೇರಿಸಿದ್ದನ್ನೂ ಅಂಟು, ವಾರ್ನಿಷ್ ಸಮೇತ ಲೆಕ್ಕ ಹಾಕಿದಾಗ ನಮ್ಮದು 60 ಗ್ರಾಂ ಹೆಚ್ಚು ಬಂತು. ಯಾವ ನಿಯಮಕ್ಕೂ ಅಡ್ಡಿಯಾಗದ ತೂಕ, ಪರಿಶೀಲಕರೂ ಸಹಿ ಹಾಕಿದರು. ನನಗೆ ಮಾತ್ರ ಸಮಾಧಾನವಾಗಲಿಲ್ಲ. 20 ಅಶ್ವಶಕ್ತಿಯಲ್ಲಿ ಇಬ್ಬರನ್ನು ಹಾರಿಸಲು ಹೊರಟವರ ರೆಕ್ಕೆ ಇದು. ಒಳಗೆ ಕೈ ಹಾಕಿ, ಪಕ್ಕೆಗಳ ಬದಿಯಲ್ಲಿ ಹೊರಚೆಲ್ಲಿ ಗಟ್ಟಿಯಾಗಿದ್ದ ಅಂಟನ್ನು ಸಣ್ಣ ಉಳಿಯಿಂದ ಎಬ್ಬಿಸತೊಡಗಿದೆ. ಸಂಜೆಯ ಹೊತ್ತಿಗೆ 22 ಗ್ರಾಂ ತೆಗೆದಿದ್ದೆ.