ನೋಡನೋಡುತ್ತ ಒಬ್ಬರು ಕುಸಿದರೆ: ಆಂಬುಲೆನ್ಸ್ ಬರುವವರೆಗೆ ಮಾಡಬೇಕಾದ್ದು

ಹೃದಯಾಘಾತದಲ್ಲಿ ರಕ್ತನಾಳ ಕಟ್ಟಿಕೊಂಡಿರುತ್ತದೆ, ಹೃದಯ ಬಡಿಯುತ್ತಲೇ ಇರುತ್ತದೆ. ಹೃದಯಸ್ತಂಭನದಲ್ಲಿ ರಕ್ತ ಪಂಪ್ ಆಗುವುದೇ ನಿಂತಿರುತ್ತದೆ. ಮೊದಲನೆಯದು ಯಾವ ಕ್ಷಣದಲ್ಲಾದರೂ ಎರಡನೆಯದಕ್ಕೆ ತಿರುಗಬಹುದು. ದಿಢೀರ್ ಸಾವುಗಳಲ್ಲಿ ಹಲವು ಹೀಗೇ ಆಗುವುದು.

ಕುಸಿದವರ ಭುಜ ತಟ್ಟಿ ಜೋರಾಗಿ ಕೂಗಿ. ಓಗೊಡದಿದ್ದರೆ ಉಸಿರು ನೋಡಿ, ಅದೂ ಹತ್ತು ಸೆಕೆಂಡಿನೊಳಗೆ. ಜನ ಎಡವುವುದು ಇಲ್ಲೇ. ಬಾಯಿ ತೆರೆದು, ಗೊರಕೆಯಂಥ ಸದ್ದಿನೊಡನೆ ಆಗೊಮ್ಮೆ ಈಗೊಮ್ಮೆ ಗಾಳಿ ಎಳೆದುಕೊಳ್ಳುವುದನ್ನು ಕಂಡು 'ಉಸಿರಾಡ್ತಿದಾರೆ' ಅಂದುಕೊಳ್ಳುತ್ತಾರೆ. ಅದು ಉಸಿರಾಟವಲ್ಲ, ಹೃದಯ ನಿಂತದ್ದರ ಗುರುತು. ಫಿಟ್ಸ್ ಬಂದಂತೆ ಕೈಕಾಲು ಅದುರುವುದೂ ಉಂಟು. ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು, ನೀರು ಕುಡಿಸುವುದು ಯಾವುದೂ ಬೇಡ.

108ಕ್ಕೆ ಕರೆ ಮಾಡಿ, ಫೋನನ್ನು ಸ್ಪೀಕರ್‌ನಲ್ಲಿಡಿ; ಸರಿಯಾದ ಉಸಿರಿಲ್ಲದಿದ್ದರೆ ಎದೆ ಒತ್ತುವ ಕೆಲಸ ಶುರು ಮಾಡಿ. ಹಾಸಿಗೆ ಮೇಲಿದ್ದರೆ ನೆಲಕ್ಕಿಳಿಸಿ. ಮೆತ್ತನೆ ಹಾಸಿಗೆಯೇ ಒತ್ತಡವನ್ನೆಲ್ಲ ನುಂಗಿಬಿಡುತ್ತದೆ. ಪಕ್ಕದಲ್ಲಿ ಮಂಡಿಯೂರಿ, ಅಂಗೈಯ ಬುಡವನ್ನು, ಅಂದರೆ ಮಣಿಕಟ್ಟಿಗೆ ಅಂಟಿದ ಭಾಗವನ್ನು, ಎದೆಮೂಳೆಯ ಕೆಳಗಿನ ಅರ್ಧದ ಮೇಲಿಡಿ, ಇನ್ನೊಂದು ಕೈ ಅದರ ಮೇಲೆ. ಮೊಣಕೈ ಮಡಚದೆ, ಸೊಂಟದಿಂದ ಮೇಲಿನ ಭಾರವನ್ನೆಲ್ಲ ಹಾಕಿ 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಿ. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ, ಇಲ್ಲದಿದ್ದರೆ ಹೃದಯಕ್ಕೆ ರಕ್ತ ತುಂಬುವುದಿಲ್ಲ. ಎರಡು ನಿಮಿಷಕ್ಕೇ ತೋಳು ಸೋಲುತ್ತದೆ, ನಮಗದು ಗೊತ್ತಾಗುವುದಿಲ್ಲ. ಆಳ ಕಡಿಮೆಯಾಗುವ ಮುನ್ನ ಇನ್ನೊಬ್ಬರಿಗೆ ಬಿಟ್ಟುಕೊಡಿ. ಪಕ್ಕೆಲುಬು ಲಟಕ್ಕೆಂದರೂ ನಿಲ್ಲಿಸಬೇಡಿ, ಮುರಿದ ಮೂಳೆ ಕೂಡುತ್ತದೆ. ದೊಡ್ಡವರಿಗೆ ಬಾಯಿಂದ ಉಸಿರು ಕೊಡಲು ಬಾರದಿದ್ದರೆ ಒತ್ತುವುದಷ್ಟೇ ಸಾಕು. ಮುಳುಗಿದವರಿಗೆ, ಮಕ್ಕಳಿಗೆ ಉಸಿರೂ ಬೇಕು.

ಎತ್ತಿ ಆಟೋಗೆ ಹಾಕಿಕೊಂಡು ಓಡುವ ಆತುರವೇ ದೊಡ್ಡ ಶತ್ರು. ಎದೆ ಒತ್ತದೆ ಕಳೆದ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ವಿಮಾನ ನಿಲ್ದಾಣ, ಮಾಲ್‌ಗಳಂಥ ಕಡೆ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರವಿದ್ದರೆ ತರಿಸಿ: ಬೆವರು ಒರೆಸಿ, ಒಂದು ಪ್ಯಾಡ್ ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗೆ. ಉಳಿದದ್ದನ್ನು ಯಂತ್ರವೇ ಹೇಳುತ್ತದೆ.

ಪ್ರಜ್ಞೆಯಿದ್ದು ಎದೆನೋವು, ತಣ್ಣನೆ ಬೆವರು, ದವಡೆಗೋ ಎಡತೋಳಿಗೋ ಹರಡುವ ಸೆಳೆತ ಇದ್ದರೆ 'ಗ್ಯಾಸ್ಟ್ರಿಕ್' ಎಂದು ಸೋಡಾ ಕುಡಿಸಿ ಕೂರಿಸಬೇಡಿ. ಮಧುಮೇಹಿಗಳಲ್ಲಿ ನೋವೇ ಇಲ್ಲದೆ ಬರೀ ಏದುಸಿರು ಇರಬಹುದು. ಅಲರ್ಜಿ, ರಕ್ತಸ್ರಾವ ಇಲ್ಲದವರು 300 ಮಿ.ಗ್ರಾಂ. ಆಸ್ಪಿರಿನ್ ಅಗಿದು ನುಂಗಲಿ, ಗಾಡಿ ತಾವೇ ಓಡಿಸದಿರಲಿ. ಆಸ್ಪತ್ರೆ ತಲುಪಿದ ಹತ್ತು ನಿಮಿಷದಲ್ಲಿ ಇಸಿಜಿ ಆಗಬೇಕು, ಕೇಳಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲೂ ಉಚಿತವಾಗಿ ಕೊಡುತ್ತಾರೆ. ಬೆಂಗಳೂರು, ಮೈಸೂರು ಎಂದು ನೂರಾರು ಕಿಲೋಮೀಟರ್ ಹೊರಡುವ ಮುನ್ನ ಅಲ್ಲಿ ವಿಚಾರಿಸಿ.

ಮನೆಯಲ್ಲಿ ನಲವತ್ತರೊಳಗಿನವರು ಹೀಗೆ ತೀರಿಕೊಂಡಿದ್ದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಎರಡನ್ನೂ ಮಾಡಿಸಿ; ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ ವಂಶದಲ್ಲಿ ಇಳಿದು ಬರುತ್ತದೆ.