ಆತ್ಮಹತ್ಯೆಯ ಸುದ್ದಿಯನ್ನು ನಾನು ಬರೆಯುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಭಾಗದಿಂದ ಕನ್ನಡ ಪತ್ರಿಕೆಗೆ ಸುದ್ದಿ ಕಳುಹಿಸುವ ನನಗೆ ಆತ್ಮಹತ್ಯೆಯ ಮಾಹಿತಿ ಮೊದಲು ಸಿಗುವುದು ಪೊಲೀಸ್ ಠಾಣೆಯಿಂದ. ಹೆಸರು, ಪ್ರಾಯ, ಮನೆಯಿರುವ ಜಾಗ, ಸಾವು ಸಂಭವಿಸಿದ ರೀತಿ, ಕೊನೆಗೆ ಒಂದು ಸಾಲಿನ ಕಾರಣ, ಇಷ್ಟು ಅದರಲ್ಲಿರುತ್ತದೆ. ಇವುಗಳಲ್ಲಿ ಸಾವಿನ ರೀತಿಯನ್ನು ನಾನು ಬರೆಯುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗಳನ್ನು ಆಧರಿಸಿ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಆಸ್ಟ್ರಿಯಾದ ವಿಯೆನ್ನಾದಲ್ಲಿ 1987ರಿಂದ ಪತ್ರಿಕೆಗಳು ಇಂಥ ಸಂಯಮ ಪಾಲಿಸಿದ ಮೇಲೆ ಅಲ್ಲಿನ ಸುರಂಗ ರೈಲು ಮಾರ್ಗದ ಆತ್ಮಹತ್ಯೆಗಳು ಬಹಳಷ್ಟು ಇಳಿದವು.

ಕಷ್ಟವಾಗುವುದು ಕಾರಣದ ಸಾಲು. ಹೇಳಿಕೆ ಕೊಡುವ ಸಂಬಂಧಿಕರು ಇನ್ನೂ ಆಘಾತದಲ್ಲಿರುತ್ತಾರೆ, ಆ ಹೊತ್ತಿಗೆ ತೋಚಿದ್ದನ್ನು ಹೇಳುತ್ತಾರೆ. ಅದನ್ನೇ ‘ಸಾಲಬಾಧೆಯಿಂದ ಸಾವು’ ಎಂದು ಅಚ್ಚು ಹಾಕಿದರೆ, ಕೊಳೆರೋಗದಿಂದ ಅಡಕೆ ಕಳೆದುಕೊಂಡು ಬ್ಯಾಂಕಿಗೆ ಬಾಕಿ ಇಟ್ಟುಕೊಂಡಿರುವ ನಮ್ಮೂರಿನ ಎಷ್ಟೋ ಕೃಷಿಕರಿಗೆ ಅದು ಏನನ್ನು ಸೂಚಿಸೀತು ಎಂದು ಯೋಚಿಸಬೇಕು. ಆತ್ಮಹತ್ಯೆಯ ಹಿಂದೆ ಹಲವು ಕಾರಣಗಳು ಕೂಡಿಕೊಂಡಿರುತ್ತವೆ. ಚಿಕಿತ್ಸೆ ಸಿಗದ ಖಿನ್ನತೆಯೋ ಮದ್ಯವ್ಯಸನವೋ ಅವುಗಳಲ್ಲಿ ಒಂದಾಗಿರಬಹುದು. ಆದ್ದರಿಂದ ‘ಪೊಲೀಸರು ಅಸಹಜ ಸಾವಿನ ಪ್ರಕರಣ ದಾಖಲಿಸಿದ್ದಾರೆ’ ಎಂಬಲ್ಲಿಗೆ ನಿಲ್ಲಿಸುತ್ತೇನೆ.

ಊರು ಚಿಕ್ಕದಾದುದರಿಂದ ಹೆಸರನ್ನು ಬಿಟ್ಟರಷ್ಟೇ ಸಾಲದು. ತರವಾಡನ್ನೋ (ಕುಟುಂಬದ ಮೂಲಮನೆ) ಉದ್ಯೋಗವನ್ನೋ ಸೂಚಿಸಿದರೂ ಮನೆ ಯಾವುದೆಂದು ತಿಳಿದುಬಿಡುತ್ತದೆ. ಪಂಚಾಯತಿನ ಹೆಸರಿಗಿಂತ ಹೆಚ್ಚು ವಿವರ ಕೊಡುವುದಿಲ್ಲ.

ಇಷ್ಟೆಲ್ಲ ಬಿಟ್ಟ ಮೇಲೆ ಬರೆಯಲೇಬೇಕಾದ್ದೂ ಇದೆ. ನಮ್ಮ ಭಾಗದ ಎಣ್ಮಕಜೆಯಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ಸಂತ್ರಸ್ತವಾದ ಮನೆಗಳಿಗೆ ಮಕ್ಕಳ ಫೋಟೊ ತೆಗೆಯಲು ಬಂದವರು ಅನೇಕರು. ಹಗಲಿರುಳು ಆರೈಕೆ ಮಾಡುವ ತಾಯಂದಿರ ಮನಸ್ಸಿನ ಸ್ಥಿತಿಯನ್ನು ಕೇಳಿದವರು ವಿರಳ. ಖಿನ್ನತೆಗೆ ಔಷಧಿ ಪಡೆದು ಚೇತರಿಸಿಕೊಳ್ಳುತ್ತಿದ್ದ ಒಬ್ಬ ತಾಯಿಯ ಕುರಿತು ನಾನು ಬರೆದಾಗ, ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳಿದೆ. ಎರಡು ಸಾಲು ಬೇಡವೆಂದರು, ತೆಗೆದೆ. ಚಿಕಿತ್ಸೆಯಲ್ಲಿರುವವರ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಗಳಿಗೆ ಕೊಡಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 24ನೇ ಕಲಮು ಹೇಳುತ್ತದೆ. ಆ ಕಾಯ್ದೆ ಇಲ್ಲದಿದ್ದರೂ ನಾನು ಓದಿ ಹೇಳುತ್ತಿದ್ದೆ.

ಇಂಥ ಪ್ರತಿ ಸುದ್ದಿಯ ಕೆಳಗೂ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಇರುವಂತೆ ನೋಡಿಕೊಳ್ಳುತ್ತೇನೆ. ದಿನದ 24 ಗಂಟೆಯೂ ಉಚಿತವಾಗಿ ಸಿಗುವ ಈ ಸೇವೆಯಲ್ಲಿ ಕನ್ನಡವನ್ನು ಆರಿಸಿಕೊಳ್ಳಬಹುದು. ಕಚೇರಿ, ಆಸ್ಪತ್ರೆಗಳಲ್ಲೆಲ್ಲ ಮಲಯಾಳದಲ್ಲೇ ವ್ಯವಹರಿಸಬೇಕಾದ ನಮ್ಮವರಿಗೆ ಮನಸ್ಸಿನ ಸಂಕಟವನ್ನಾದರೂ ಸ್ವಂತ ಮಾತಿನಲ್ಲಿ ಹೇಳಿಕೊಳ್ಳುವ ಅವಕಾಶ ಬೇಕು. ಪುಟದಲ್ಲಿ ಜಾಗ ಸಾಲದಿದ್ದರೆ ವರದಿಯ ಬೇರೆ ಯಾವ ಸಾಲನ್ನಾದರೂ ತೆಗೆಯಿರಿ, ಆ ಸಂಖ್ಯೆ ಉಳಿಯಲಿ ಎಂದು ಡೆಸ್ಕಿನವರಿಗೆ ಪ್ರತಿ ಬಾರಿಯೂ ಬರೆದು ಕಳುಹಿಸುತ್ತೇನೆ.