ಹುಲೇಕಲ್ ಕಡೆ ಸೋಮವಾರ, ಬನವಾಸಿ ಕಡೆ ಗುರುವಾರ

ಶಿರಸಿ ಪೇಟೆಯಲ್ಲಿ ಸಾಮಾನು ಸಿಗುತ್ತದೆ. ಅದು ವಾನಳ್ಳಿಯ ಆಚೆ, ತೋಟದ ನಡುವಿನ ಮನೆಗೆ ಹೋಗಿ ಮುಟ್ಟುವುದೇ ಕಷ್ಟ. ನಮ್ಮ ಊರುಗಳಲ್ಲಿ ಗುಡ್ಡದ ಈ ಬದಿಗೆ ಎರಡು ಮನೆ, ಹಳ್ಳ ದಾಟಿದರೆ ಇನ್ನೊಂದು. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ. ಬಿಪಿ ಮಾತ್ರೆ, ಮಿಕ್ಸಿ ಜಾರು, ಪಂಪ್‌ಸೆಟ್ಟಿನ ವಾಲ್ವು ಅವರಿಗೆ ತಂದುಕೊಡುವವರು ಯಾರು? ಇದನ್ನು ನೋಡಿಯೇ ನಾನು ಡೆಲಿವರಿ ಕೆಲಸಕ್ಕೆ ಇಳಿದೆ.

ದೊಡ್ಡ ಊರಿನ ಹಾಗೆ ಅರ್ಧ ಗಂಟೆಯಲ್ಲಿ ಮುಟ್ಟಿಸುವ ಮಾತು ಇಲ್ಲಿ ನಡೆಯುವುದಿಲ್ಲ. ಒಂದೇ ಮನೆಗೆಂದು ಗಾಡಿ ತೆಗೆದರೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. ಹಾಗಾಗಿ ಒಂದೊಂದು ರಸ್ತೆಗೆ ವಾರದಲ್ಲಿ ಒಂದೊಂದು ದಿನ ಎಂದು ಮಾಡಿದೆ. ಹುಲೇಕಲ್, ವಾನಳ್ಳಿಗೆ ಸೋಮವಾರ. ಬನವಾಸಿ ರಸ್ತೆಗೆ ಗುರುವಾರ. ಹಿಂದಿನ ದಿನ ಸಂಜೆಯೊಳಗೆ ಪಟ್ಟಿ ಬರಬೇಕು. ಜನ ಇದಕ್ಕೆ ಬೇಗ ಹೊಂದಿಕೊಂಡರು. ಅವರಿಗೆ ಬೇಕಾಗಿದ್ದು ಅವಸರ ಅಲ್ಲ, ಹೇಳಿದ ದಿನ ಬರುತ್ತಾನೆ ಅನ್ನುವ ನಂಬಿಕೆ. ಮಳೆ ಎಷ್ಟೇ ಇರಲಿ, ರಸ್ತೆ ತೆರೆದಿದ್ದರೆ ನಾನು ಹೋಗಲೇಬೇಕು. ಧರೆ ಕುಸಿದು ದಾರಿ ಮುಚ್ಚಿದ್ದರೆ ಬೆಳಿಗ್ಗೆಯೇ ಲ್ಯಾಂಡ್‌ಲೈನಿಗೆ ಫೋನು ಮಾಡಿ ಹೇಳುತ್ತೇನೆ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಬಾಡಿಗೆಗೆ ಸಾಮಾನು ಸಾಗಿಸುವ ಗಾಡಿಗೆ ಹಳದಿ ಬೋರ್ಡು ಬೇಕು. ಸ್ವಂತಕ್ಕೆಂದು ಇನ್ಶೂರೆನ್ಸ್ ಮಾಡಿಸಿದ ಗಾಡಿಯನ್ನು ಬಾಡಿಗೆಗೆ ಓಡಿಸಿ ಅಪಘಾತವಾದರೆ ಕ್ಲೇಮು ಸಿಗುವುದು ಕಷ್ಟ. ಸಾಮಾನು ಸೇರಿ ಒಟ್ಟು ತೂಕ 3,000 ಕಿಲೋ ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ, ಆದರೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕೇ ಬೇಕು. ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿಗೆ ಸರ್ಕಾರ ದುಡ್ಡು ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಏಜೆಂಟರಿಗೆ ಸುಮ್ನೆ ಕೊಡಬೇಡಿ.

ಹೆಚ್ಚು ಶ್ರಮ ಹಿಡಿದದ್ದು ವಿಳಾಸಕ್ಕೆ. ಒಂದೇ ಊರಿನಲ್ಲಿ ನಾಲ್ಕು ಜನ ಗಣಪತಿ ಹೆಗಡೆಯವರು ಇರುತ್ತಾರೆ. ಮ್ಯಾಪಿನಲ್ಲಿ ಊರಿನ ಹೆಸರಿಗೆ ಒಂದು ಗುರುತು, ಅದೂ ಎಲ್ಲೋ ಗುಡ್ಡದ ಮೇಲೆ. ಅದಕ್ಕೇ ಒಂದು ಪುಸ್ತಕ ಇಟ್ಟೆ. ಮೇಲಿನಮನೆಯೋ ಕೆಳಗಿನಮನೆಯೋ, ಯಾವ ಉಣುಗೋಲು (ಗಳ ಅಡ್ಡ ಹಾಕಿದ ಗೇಟು) ದಾಟಬೇಕು, ಗಾಡಿ ಎಲ್ಲಿವರೆಗೆ ಹೋಗುತ್ತದೆ, ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ ಇದೆಯಾ, ನಾಯಿ ಕಟ್ಟುತ್ತಾರಾ, ಎಲ್ಲ ಬರೆದುಕೊಂಡೆ. ನನ್ನ ಗಾಡಿಗಿಂತ ಆ ಪುಸ್ತಕಕ್ಕೆ ಬೆಲೆ ಜಾಸ್ತಿ.

ದುಡ್ಡಿನ ಲೆಕ್ಕವನ್ನೂ ಊರಿಗೆ ತಕ್ಕ ಹಾಗೆ ಮಾಡಬೇಕಾಯಿತು. ಮನೆಯೊಳಗೆ ವೈಫೈ ಇರುತ್ತದೆ, ಅಂಗಳದಲ್ಲಿ ನನ್ನ ಫೋನಿಗೆ ನೆಟ್‌ವರ್ಕ್ ಇರುವುದಿಲ್ಲ. ದುಡ್ಡು ಬಂತೋ ಇಲ್ಲವೋ ಎಂದು ಜಗಲಿಯಲ್ಲಿ ಕಾಯುತ್ತಾ ಕೂತರೆ ಮುಂದಿನ ಮನೆಗೆ ತಡ. ಈಗ ಅಂಗಡಿಯ ಬಿಲ್ಲಿನ ಫೋಟೋ, ನನ್ನ ಸಾಗಣೆ ಚಾರ್ಜು ಎರಡನ್ನೂ ಬೆಂಗಳೂರಿನ ಮಗನಿಗೋ ಮಗಳಿಗೋ ಕಳಿಸುತ್ತೇನೆ. ಅವರು ಅಲ್ಲಿಂದಲೇ ಹಾಕುತ್ತಾರೆ. ಸಾಮಾನಿನ ಬೆಲೆಯ ಮೇಲೆ ನಾನು ಒಂದು ರೂಪಾಯಿಯೂ ಏರಿಸುವುದಿಲ್ಲ. ಬಿಲ್ಲು ಕಣ್ಣೆದುರು ಇದ್ದರೆ ತಕರಾರಿನ ಮಾತೇ ಬರುವುದಿಲ್ಲ.

ಔಷಧಿಯಲ್ಲಿ ಮಾತ್ರ ನಾನು ಬಹಳ ಬಿಗಿ. ಡಾಕ್ಟರ ಚೀಟಿ ಇಲ್ಲದೆ ತರುವುದಿಲ್ಲ. ಮೆಡಿಕಲ್ ಶಾಪಿನವರೇ ನೋಡಿ, ಕಟ್ಟಿ, ಬಿಲ್ಲು ಹಾಕಿ ಕೊಡಬೇಕು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಬಿಸಿಲೂ ತಾಗಬಾರದು, ಹೆಪ್ಪೂಗಟ್ಟಬಾರದು. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಟ್ಟು, ನಡುವೆ ದಪ್ಪ ಬಟ್ಟೆ ಹಾಕುತ್ತೇನೆ. ಆ ದಿನ ಇನ್ಸುಲಿನ್ ಮನೆಗೇ ಮೊದಲು ಹೋಗುವುದು, ದಾರಿ ಸುತ್ತಾದರೂ ಸರಿ. "ಮಾಣಿ, ಮೊದಲು ಆಸ್ರಿಗೆ ಕುಡಿ" ಅಂತ ಆ ಮನೆಯ ಅಮ್ಮ ಬಾಯಾರಿಕೆಗೆ ಕರೆದರೂ, ಡಬ್ಬಿ ಫ್ರಿಜ್ಜಿನ ಬಾಗಿಲಲ್ಲಿ ಕೂರುವವರೆಗೆ ನಾನು ಕೂರುವುದಿಲ್ಲ.

ಕೆಲಸದ ಸ್ವರೂಪ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಜೂನ್ ಹತ್ತಿರ ಬಂತೆಂದರೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಗಡಿಬಿಡಿ. ಆಗ ಆ ಔಷಧಿಗೆ ಬೇಕಾದ ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ ಸಾಗಿಸುವುದು. ಅವುಗಳ ಜೊತೆ ದಿನಸಿ ಹೇರುವುದಿಲ್ಲ, ಬೇರೆ ಟ್ರಿಪ್ಪೇ ಮಾಡುತ್ತೇನೆ.

ನಿಜವಾಗಿ ಈ ಕೆಲಸ ನಿಂತಿರುವುದು ವಾಪಸ್ ಬರುವ ಲೋಡಿನ ಮೇಲೆ. ಖಾಲಿ ಗಾಡಿ ತಂದರೆ ಅರ್ಧ ಗಳಿಕೆ ಹೋಯಿತು. ಬರುವಾಗ ರಿಪೇರಿಯ ಮೋಟಾರು, ಬಾಳೆಗೊನೆ, ಬೆಂಗಳೂರಿನ ಮಗಳಿಗೆ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ. ಆಲೆಮನೆ ಕಾಲದಲ್ಲಿ ಜೋನಿಬೆಲ್ಲ, ಅಂದರೆ ನೀರುಬೆಲ್ಲ. ಅದನ್ನು ಕಂಠಮಟ್ಟ ತುಂಬಿದರೆ ಕುಲುಕಿ ಸೋರುತ್ತದೆ. ಮೇಲೆ ಎರಡು ಬೆರಳು ಜಾಗ ಬಿಡಿಸಿ, ಮುಚ್ಚಳಕ್ಕೆ ಟೇಪು ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ನೆಟ್ಟಗೆ ನಿಲ್ಲಿಸುತ್ತೇನೆ. ಶಿರಸಿಯಿಂದ ರಾತ್ರಿ ಬಸ್ಸಿಗೆ ಹಾಕಿದರೆ ಬೆಳಿಗ್ಗೆ ಬೆಂಗಳೂರು.

ಕುಮಟಾ ರಸ್ತೆಯ ರಾಗಿಹೊಸಳ್ಳಿ ಕಡೆಯವರೂ ಈಗ ಕೇಳುತ್ತಿದ್ದಾರೆ. ಅದಕ್ಕೆ ಇನ್ನೊಂದು ಗಾಡಿ ಬೇಕು. ಸಾಲ ಮಾಡಿ ಗಾಡಿ ತರಬಹುದು, ಆದರೆ ಆ ಕಡೆಯ ಮನೆ, ದಾರಿ ಬಲ್ಲ ಹುಡುಗ ಮೊದಲು ಸಿಗಬೇಕು. ಹುಡುಕುತ್ತಿದ್ದೇನೆ.